ಹುಣಸೆಬೀಜದ ಲೆಕ್ಕ

ಕೂತ್ಕೋ ಕಣವ್ವ, ಆ ಮೆಷಿನ್ನು ಕಟ್ಟೆ ಮೇಲಿಡು.
ವಿಮಾನದ ಶಾಲೆಯ ಚರಿತ್ರೆ ಬೇಕು ಅಂತೀಯ,
ನನಗೆ ಗೊತ್ತಿರೋದು ದನದ ಚರಿತ್ರೆ.

ಮಂಡಕಳ್ಳಿಯ ಹುರುಳಿ ಹೊಲ, ಅದರಾಚೆ ಗೋಮಾಳ.
ಅಳತೆಯ ಸರಪಣಿ ಹಿಡಿದು ಬಂದವರು
ದಿಬ್ಬ ಕಡಿದರು, ಹುತ್ತ ಒಡೆದರು, ಉರುಳೆ ಎಳೆಸಿದರು.
ನಮಗೆ ನೋಟೀಸು ಬಂತು, ದನಕ್ಕೆ ಬರಲಿಲ್ಲ.
ಅವು ದಿನಾ ಬಂದವು,
ಅದೇ ಹೊತ್ತಿಗೆ, ಅದೇ ಗರಿಕೆಗೆ.
ಮೇಲೊಬ್ಬ ಹುಡುಗ ಇಳಿಯಲು ಜಾಗ ಹುಡುಕುವಾಗ
ಕೆಳಗೆ ನಟ್ಟನಡುವೆ ಮಲಗಿ ಮೆಲುಕು ಹಾಕಿದವು.

ಹಾಗಾಗಿ ನಾನು.
ದಿನಕ್ಕೆ ಎರಡಾಣೆ, ಅಪ್ಪನ ಬಿರುಕು ತಮಟೆ.
ರಿಜಿಸ್ಟರಿನಲ್ಲಿ ಕರಿಸಿದ್ದ ಅಂತ ಹುಡುಕಬೇಡ,
'ದನದ ಹುಡುಗ, ಒಂದು' ಅಂತಿದ್ದೀತು,
ಪೆಟ್ರೋಲ್ ಡಬ್ಬದ ಕೆಳಗಿನ ಸಾಲಿನಲ್ಲಿ.
ಅಪ್ಪ ಊರೊಳಗೆ ಬಡಿದರೆ ಯಾರೋ ಸತ್ತರು ಅಂತ.
ನಾನು ಇಲ್ಲಿ ಬಡಿದರೆ
ಒಬ್ಬ ಬದುಕಿ ಇಳಿದ.

ಹಳದಿ ವಿಮಾನ, ಎರಡಂತಸ್ತಿನ ರೆಕ್ಕೆ.
ಅದಕ್ಕವರು ಹುಲಿಯ ಹೆಸರಿಟ್ಟಿದ್ದರು,
ನಮ್ಮ ಕಣ್ಣಿಗೆ ಮಿಡತೆ.
ಕಲಿಯೋ ಹುಡುಗರು ಎಲ್ಲೆಲ್ಲಿಯವರೋ:
ಕೊಡಗಿನ ಉತ್ತಯ್ಯ, ಬೊಂಬಾಯಿಯ ದಸ್ತೂರ,
ಗಡ್ಡಕ್ಕೆ ಬಲೆ ಕಟ್ಟಿಕೊಳ್ಳುತ್ತಿದ್ದ ಒಬ್ಬ ಪಂಜಾಬಿ.
ಬೆಟ್ಟವನ್ನು ಮೊದಲ ಪಾಠದಲ್ಲೇ ತೋರಿಸಿಕೊಡುತ್ತಿದ್ದರು,
ದೇವಿ ಅಂತಲ್ಲ, ಗುರುತು ಅಂತ.
ಉತ್ತಯ್ಯ ಮಾತ್ರ ಎದೆ ಮುಟ್ಟಿಕೊಂಡು ಹತ್ತುತ್ತಿದ್ದ.

ಇಳಿಯೋದನ್ನ ನಾನು ನೋಡಬೇಕಾಗಿರಲಿಲ್ಲ.
ಬೆನ್ನು ತಿರುಗಿಸಿ ಎಮ್ಮೆ ಅಟ್ಟುತ್ತಲೇ ಹೇಳುತ್ತಿದ್ದೆ:
ದಪ್, ದಪ್, ದಪ್ ಅಂದರೆ ಹೊಸಬ,
ಸಾಹೇಬ ಬೈತಾನೆ, ನಾಳೆಯೂ ಇಲ್ಲೇ ಇರ್ತಾನೆ.
ಒಂದೇ ಸಲ ಸುಯ್ ಅಂತ ಹುಲ್ಲು ಸೀಳಿದರೆ
ಅವನು ಕಲಿತ.
ಕಲಿತವನನ್ನ ಇಟ್ಟುಕೊಳ್ಳುತ್ತಿರಲಿಲ್ಲ.

ಲೆಕ್ಕ ಯಾರೂ ಕೇಳಿದ್ದಲ್ಲ.
ಒಂದು ಏರಿದರೆ ಒಂದು ಹುಣಸೆಬೀಜ ಕಲ್ಲಿನ ಆಚೆಗೆ,
ಇಳಿದರೆ ಈಚೆಗೆ.
ಒಂದು ಸಂಜೆ ಒಂದು ಬೀಜ ಆಚೆಯೇ ಉಳಿಯಿತು.
ಹುಲ್ಲಿನುದ್ದಕ್ಕೂ ಲಾಟೀನು ಸಾಲು ಹಚ್ಚಿ
ಸಾಹೇಬ ಊಟ ಬಿಟ್ಟು ನಿಂತಿದ್ದ.
ನಾನೂ ಮನೆಗೆ ಹೋಗಲಿಲ್ಲ.

ಮೂರನೆಯ ದಿನ ಉತ್ತಯ್ಯ ಬಂದ,
ರೆಕ್ಕೆ ಬಿಚ್ಚಿ ಎರಡು ಎತ್ತಿನಗಾಡಿಗೆ ಹೇರಿಕೊಂಡು.
ಮಂಡ್ಯದ ಹತ್ತಿರ ಕಬ್ಬಿನ ಗದ್ದೆಗೆ ಬಿದ್ದಿದ್ದನಂತೆ,
ಆಲೆಮನೆಯವರು ಎಳೆದು, ಹಾಲು ಕುಡಿಸಿ,
ಗದ್ದೆಯ ನಷ್ಟಕ್ಕೆ ಅವನ ಗಡಿಯಾರ ಇಟ್ಟುಕೊಂಡಿದ್ದರು.
ನನಗೊಂದು ಅಚ್ಚುಬೆಲ್ಲ ತಂದಿದ್ದ.
ಬೆಲ್ಲವೇನೋ ತಿಂದೆ. ಬೀಜದ್ದೇ ತಕರಾರು.
ಹೋದದ್ದು ಆಕಾಶದಲ್ಲಿ, ಬಂದದ್ದು ಗಾಡಿಯಲ್ಲಿ,
ಸರಿಸಬಹುದೋ, ಬಾರದೋ?
ಎರಡು ದಿನ ಯೋಚಿಸಿ ಸರಿಸಿದೆ.

ಇಲ್ಲಿ ಎಷ್ಟು ಜನ ಸತ್ತರು ಅಂತ ಕೇಳ್ತೀಯ.
ಒಬ್ಬರೂ ಇಲ್ಲ, ಬರೆದುಕೋ.
ನನ್ನ ಕಲ್ಲಿನ ಮೇಲೆ ಲೆಕ್ಕ ತಪ್ಪಲೇ ಇಲ್ಲ.

ಅವರು ಹೋದದ್ದು ರೈಲಿನಲ್ಲಿ.
ಟ್ರಂಕು ಹೊತ್ತು, ಕೂದಲಿಗೆ ಎಣ್ಣೆ ಹಚ್ಚಿ,
ಸುಯ್ ಅಂತ ಇಳಿಯಲು ಕಲಿತವರೆಲ್ಲ.
ಬರ್ಮಾ ಅಂದರು, ಇಂಫಾಲ ಅಂದರು.
ರೈಲಿಗೂ ಒಂದೊಂದು ಬೀಜ ತೆಗೆದಿಡಬೇಕು ಅಂತ
ನನಗೆ ಹೊಳೆಯಲಿಲ್ಲ, ಹನ್ನೊಂದು ವರ್ಷ ಆಗ.

ಯುದ್ಧ ಮುಗಿದ ವಾರಕ್ಕೆ ದನ ವಾಪಸು ಬಂದವು.
ತಮಟೆ ಗೂಟಕ್ಕೆ ಹೋಯಿತು.
ಬೀಜಗಳನ್ನ ಅವ್ವ ಬಿಸಿ ಬೂದಿಯಲ್ಲಿ ಹುರಿದಳು,
ನಾವು ಮಕ್ಕಳು ದವಡೆಯಲ್ಲಿಟ್ಟು ಚೀಪಿ
ನೆನೆದ ಮೇಲೆ ಅಗಿದೆವು.
ಉತ್ತಯ್ಯನದು ಯಾವುದು, ದಸ್ತೂರನದು ಯಾವುದು,
ಎಲ್ಲ ಒಂದೇ ಕಪ್ಪು.

ತಾಳು.
ಈಗೊಂದು ಇಳಿಯಿತಲ್ಲ ಬೇಲಿಯಾಚೆ,
ನಿನ್ನ ಮೆಷಿನ್ನಿಗೆ ಸಿಕ್ಕಿತಾ ಸದ್ದು?
ದಪ್, ದಪ್. ಎರಡು ಸಲ.
ಹೊಸ ಹುಡುಗ ಇರಬೇಕು.
ಇರಲಿ ಬಿಡು, ಒಳ್ಳೇದು.