ಉದ್ದೇಶದ ಕಾಲಂ

ಠಾಣೆಯ ರೈಟರ್ ಕೇಳಿದ: ಉದ್ದೇಶ ಏನ್ರಿ ಟೀಚರ್?
ಕೂಡೋದು, ಅಂದೆ.
ಯಾರ ವಿರುದ್ಧ? ಕಾಲಂ ಖಾಲಿ ಬಿಡಂಗಿಲ್ಲ.

ಇಪ್ಪತ್ತೆರಡು ವರ್ಷ, ಚಿದ್ರಿಯ ಶಾಲೆಯಲ್ಲಿ
ವಿಮಾನ ಹಾದಾಗಲೆಲ್ಲ ನಿಂತಿದ್ದೇನೆ,
ಹಲಗೆಯ ಮೇಲೆ ಒತ್ತು ಬೀಳದ ಅಕ್ಷರ,
ಬೆರಳಲ್ಲಿ ಸೀಮೆಸುಣ್ಣ.
ಏಳೇಳ್ಲಿ ಅಂದು ಮಕ್ಕಳು ಬಾಯಿ ತೆರೆದೇ ಕಾಯುತ್ತವೆ.
ನಲವತ್ತೊಂಬತ್ತು ಬರುವುದು
ಆಕಾಶ ಮುಗಿದ ಮೇಲೆ.
ಇದನ್ನು ಯಾವ ಕಾಲಮಿಗೆ ಬರೆಯಲಿ?

ಸಂಜೆ ಏಳಕ್ಕೆ, ವಾಯುನೆಲೆಯ ಗೇಟಿನೆದುರು
ರಸ್ತೆಯ ಈ ಬದಿಗೆ ಜಮಖಾನ ಹಾಸಿದೆವು.
ಅರ್ಜಿಯಲ್ಲಿ ನಲವತ್ತು ಮಂದಿ.
ಬಂದವರು ಹದಿಮೂರು, ಮತ್ತೊಂದು ನಾಯಿ.
ಮೇಣದಬತ್ತಿ ಗಾಳಿಗೆ ನಿಲ್ಲಲೊಲ್ಲದು;
ನುಸ್ರತ್ ಆಪಾ ಚಹಾದ ಕಾಗದದ ಕಪ್ಪುಗಳ ತಳ ಚುಚ್ಚಿ
ಒಂದೊಂದಕ್ಕೂ ಗೋಡೆ ಕಟ್ಟಿದಳು.
ಘೋಷಣೆ ಬ್ಯಾಡ ಅಂದದ್ದಕ್ಕೆ
ಕಾಲೇಜು ಹುಡುಗರಿಬ್ಬರು ಮುನಿಸಿಕೊಂಡು
ನಾಯಿಯ ಪಕ್ಕ ಕೂತರು.
ಇಸ್ತಾರೆಪ್ಪನ ಮಗಳಿಗೆ ಒಳಗೆ ಕ್ಯಾಂಟೀನಿನಲ್ಲಿ ಕೆಲಸ.
ಗೇಟಿಗೆ ಬೆನ್ನು ಹಾಕಿ ಕೂತ ಆತ,
ಕೂತನಲ್ಲ.

ಕಾವಲಿನ ಹುಡುಗ ರಸ್ತೆ ದಾಟಿ ಬಂದ,
ಮೀಸೆ ಇನ್ನೂ ಮೂಡುತ್ತಿದೆ, ಹೆಗಲಿಗೆ ಬಂದೂಕು.
ದೀಪ ನೋಡಿ, ತನ್ನೂರಿನ ಹಿಂದಿಯಲ್ಲಿ, ಮೆಲ್ಲಗೆ:
ಯಾರು ತೀರಿಕೊಂಡರು ಅಮ್ಮಾ?

ಇನ್ನೂ ಯಾರೂ ಇಲ್ಲ ಮಗಾ, ಅಂದೆ.

ಅವನು ಟೋಪಿ ಸರಿಮಾಡಿಕೊಂಡ,
ಆರಿದ್ದೊಂದು ಬತ್ತಿಯನ್ನು ತೋರಿಸಿ
ಹೊರಟುಹೋದ.

ಒಂಬತ್ತಕ್ಕೆ ವಿಮಾನವೊಂದು ಎದ್ದಿತು,
ಕಪ್ಪುಗಳು ನಡುಗಿದವು.
ಯಾರೂ ಮಾತು ನಿಲ್ಲಿಸಲಿಲ್ಲ;
ನಮ್ಮದು ಆಗಲೇ ನಿಂತಿತ್ತು,
ನಾವೇ ನಿಲ್ಲಿಸಿದ್ದು.