ಟೇಪಿನ ಗಂಟು

ಮೂರು ಕಾಲಿನ ಮಶೀನಿನ ಹಿಂದ ಒಂದು ಕಣ್ಣು ಮುಚ್ಚಿ
ಇಂಜಿನಿಯರ್ ಹುಡುಗ ನೋಡಿದ, ಮತ್ತೊಮ್ಮೆ ನೋಡಿದ.
'ಕಾಕಾ, ನಿಮ್ಮ ಟ್ರ್ಯಾಕು ಎರಡೂವರಿ ಮೀಟರ್ ಕಮ್ಮಿ ಐತಲ್ರೀ.'
ನಾ ಉಪ್ಪಲಿ ಬುರುಜಿನ ಕಡೆ ಮಾರಿ ಮಾಡಿ ನಿಂತೆ.
ಬಿಸಲು ಕಣ್ಣಾಗ ಹೊಕ್ಕೈತಿ ಅಂದಕೊಂಡ.

ಕಮ್ಮಿ ಐತಿ. ಮೂವತ್ತೆರಡು ವರ್ಷದಿಂದ ನನಗ ಗೊತ್ತೈತಿ.

ಇದು ಮೈದಾನ ಆಗೂಕಿಂತ ಮೊದಲ ಇಲ್ಲಿ ಎತ್ತಿನ ಸಂತಿ ಕೂಡತಿತ್ತು.
ಆಮ್ಯಾಲ ಪೊಲೀಸರ ಕವಾಯತು, ಒಂದೆರಡು ಸರ್ಕಸ್ಸು, ಎಲೆಕ್ಷನ್ ಭಾಷಣ.
ಗರಸು ಹಾಕಿ ರೋಲರ್ ಎಳದಾವ ನಮ್ಮಪ್ಪ, ಯಮನಪ್ಪ ಸುಣಗಾರ,
ಮನಿತನದ ಭಟ್ಟಿ ಆರಿದ ಮ್ಯಾಲ
ಸುಣ್ಣಕ್ಕ ಬ್ಯಾರೆ ಕೆಲಸ ಹುಡುಕಿದಾತ.
ಅವಗ ಕೊಟ್ಟದ್ದು ಬಟ್ಟಿ ಟೇಪು, ಎರಡ ಕಡೆ ಹರದಿತ್ತು.
ಹರದದ್ದನ್ನ ಗಂಟು ಹಾಕಿದ. ಗಂಟಿನ್ಯಾಗ ಎಷ್ಟು ಹೋತು
ಅಂತ ಕೇಳಾಕ ಅವಗ ಲೆಕ್ಕ ಬರತಿರಲಿಲ್ಲ,
ಕೇಳಿದ್ದರ ಹೇಳವರೂ ಇರಲಿಲ್ಲ.

ಅಪ್ಪ ಹೋದ ಮ್ಯಾಲ ಹಾಲಿನ ಪುಡಿ ಡಬ್ಬಿ ನನ್ನ ಕೈಗೆ ಬಂತು,
ತಳಕ್ಕ ಏಳು ತೂತು.
ಆಗಸ್ಟಿಗೊಮ್ಮೆ, ಜನವರಿಗೊಮ್ಮೆ, ದಸರಾ ಕ್ರೀಡಾಕೂಟಕ್ಕೊಮ್ಮೆ
ಆರು ಗೆರಿ. ಬಾಗಿ, ಹಿಂದ್ಹಿಂದಕ ನಡಕೋತ.
ಹೊಸ ಟೇಪು ಬಂದ ದಿನ ಒಬ್ಬಾವನ ಅಳದು ನೋಡಿದೆ.
ಆ ರಾತ್ರಿ ಊಟ ಸೇರಲಿಲ್ಲ. ಮುಂಜಾನೆ
ಹಳೇ ಗೆರಿ ಮ್ಯಾಲನ ಸುಣ್ಣ ಬಿಟ್ಟೆ.
ಬ್ಯಾರೆ ಹಾಕಿದ್ದರ ಅಪ್ಪ ಸುಳ್ಳಾಗತಿದ್ದ.

ಗಾದಿ ಹೊಲಿಯೋ ನದಾಫರ ಮಗಳು ಮಹಬೂಬಿ
ಅದೇ ವರ್ಷ ಬಂದಳು. ತಲಿಯಾಗ ಅರಳಿ ಚೂರು, ಬರಿಗಾಲು.
ಒಂದೂವರಿ ಸಾವಿರ ಮೀಟರಿನ್ಯಾಗ ಆಕಿ ಟೈಮು
ಜಿಲ್ಲಾದಾಗ ಯಾರೂ ಮುಟ್ಟಲಿಲ್ಲ.
ಬೋರ್ಡಿನ ಮ್ಯಾಲ ಆಕಿ ಹೆಸರು ಬರದಾವನೂ ನಾನ.
ಬೆಂಗಳೂರಿನ್ಯಾಗ ನಾಲ್ಕನೇದಾಕಿ ಆದಳು.
ತಿರುಗಿ ಬಂದು ಗ್ಯಾಲರಿ ಕಲ್ಲಿನ ಮ್ಯಾಲ ಕುಂತು ಅಂದಳು:
'ಕಾಕಾ, ಇಲ್ಲಿ ಉಸರು ಮುಗಿಯೂದರಾಗ ಗೆರಿ ಬರತಿತ್ತು.
ಅಲ್ಲಿ ಉಸರು ಮುಗೀತು, ಗೆರಿ ಬರಲಿಲ್ಲ.'
ನಾ ಡಬ್ಬಿ ತೂತಿಗೆ ಕಡ್ಡಿ ಹಾಕಿ ಗಟ್ಟಿಯಾದ ಸುಣ್ಣ ಕೆದರಕೋತ ಇದ್ದೆ.
ಮೂರು ಸುತ್ತು, ಮ್ಯಾಲ ಮುಕ್ಕಾಲು.
ಒಂಬತ್ತು ಮೀಟರ್, ಮ್ಯಾಲ ಒಂದೂವರಿ ಗೇಣು.
ಲೆಕ್ಕ ನನಗ ಬರತಿತ್ತು.

ಈಗ ಗೇಟಿನ ಮ್ಯಾಲ 'ರಾಷ್ಟ್ರಮಟ್ಟದ ಕ್ರೀಡಾಂಗಣ'.
ಗ್ಯಾಲರಿ ಕಲ್ಲು ಕಿತ್ತರು, ಹೆಸರಿನ ಬೋರ್ಡು ಗುಜರಿಗೆ ಹೋತು,
ಗರಸು ಟ್ರ್ಯಾಕ್ಟರ್ ಏರಿ ಯಾವದೋ ಲೇಔಟಿಗೆ.
ಹಾಸಿದ್ದು ಇಟ್ಟಂಗಿ ಬಣ್ಣದ ರಬ್ಬರು; ಗೆರಿ ಎಳಿಯಾಕ ಮಶೀನು,
ಅದು ಬಾಗಂಗಿಲ್ಲ, ಸೊಂಟ ಹಿಡಕೊಳ್ಳಂಗಿಲ್ಲ.
ನಾಕನೂರು ಅಂದರ ನಾಕನೂರು.
ನನ್ನ ಈಗ ನೀರಿನ ವಾಲ್ವಿಗೆ ಹಾಕ್ಯಾರ.

ಇಂಡಿ ಸಾಲಿ ಮಕ್ಕಳನ್ನ ಕರಕೊಂಡು ಪಿಟಿ ಟೀಚರ್ ಒಬ್ಬಾಕಿ ಬಂದಳು,
ಕೊರಳಾಗ ಸೀಟಿ, ದಪ್ಪ ಕನ್ನಡಕ.
ನಾ ಗುರತ ಹಿಡಿಯೂಕಿಂತ ಮೊದಲ 'ಕಾಕಾ' ಅಂದಳು.
ವಾಲ್ವು ಬಂದ ಮಾಡಿ ಹೇಳಿಬಿಟ್ಟೆ. ಟೇಪು, ಗಂಟು, ಅಪ್ಪ, ಎಲ್ಲಾ.
ನಗತಾಳ ಅಂದಕೊಂಡೆ. ಬಯ್ಯತಾಳ ಅಂದಕೊಂಡೆ.
'ಒಂಬತ್ತ ಏನ್ರೀ?' ಅಂದಳು. ಅಷ್ಟ.

ಮುಗಿಯೂ ಗೆರಿ ಕಡೆ ಹೋಗಿ ಚಪ್ಪಲ್ ಬಿಟ್ಟಳು.
ಏಪ್ರಿಲ್, ಹನ್ನೊಂದು ಗಂಟೆ. ರಬ್ಬರು ಹಂಚಿನಂಗ ಕಾದಿತ್ತು.
ಮಕ್ಕಳು ನೋಡಕೋತ ನಿಂತಿದ್ದವು. ಟೀಚರ್ ಗೆರಿ ದಾಟಿ
ಬರಿಗಾಲಲೇ ಹೊಂಟಳು, ಅವಸರ ಇಲ್ಲದ.
ನಾ ಎಣಸಲಿಲ್ಲ.
ಎಲ್ಲಿ ನಿಂತಳೋ ಅಲ್ಲಿ ಎಳಿಯಾಕ
ಕೈಯಾಗ ಸುಣ್ಣ ಇರಲಿಲ್ಲ.