ಹತ್ತೊಂಬತ್ತನೆಯ ಮರ

ಬರ್ಕಾದ ಈ ತೋಟದಲ್ಲಿ ಪಂಪಿನ ಮನೆಯೇ ನನ್ನ ಆಫೀಸು.
ಉಪ್ಪು ಕಾರಿದ ಗೋಡೆ, ಕುಂಟು ಮೇಜು, ಹಳೇ ಲ್ಯಾಪ್‌ಟಾಪು,
ಅದರ ಪಕ್ಕೆಗೆ ಬಾಲದಂತೆ ತೂಗುವ ರಿಸೀವರು.
ಹೊರಗೆ ನಲವತ್ತು ಖರ್ಜೂರದ ಮರ,
ಒಂದೊಂದರ ಕಾಂಡಕ್ಕೂ ಒಂದೊಂದು ಮೊಳೆ, ಮೊಳೆಯ ತುದಿಗೆ ಕಿವಿ.
ಒಳಗೆ ಕೆಂಪುಮೂತಿ ಹುಳದ ಮರಿ ತಿರುಳು ಕಡಿದರೆ
ಕೇಳಿಸಿಕೊಂಡು ಗಾಳಿಗೆ ಹೇಳುತ್ತದೆ.
ಇನ್ನೂರು ಗಜ ದಾಟಿ, ಬಿಸಿಲು ದಾಟಿ
ಮಾತು ರಿಸೀವರಿನ ತನಕ ಬರುತ್ತದೆ.
ಅಲ್ಲಿಂದಾಚೆ ಒಂದು ಗೇಣು ವಯರು ದಾಟಲು
ಮೂರು ವಾರದಿಂದ ಆಗುತ್ತಿಲ್ಲ.

ಟುಣ್-ಟಿಣ್: ಬಂದೆ.
ಟಿಣ್-ಟುಣ್: ಹೋದೆ.
ಮುನಿಸಿಕೊಂಡ ನೆಂಟ,
ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು ಕಾಲು.

ಕೇಬಲ್ ಬದಲಿಸಿದೆ. ಡ್ರಾಯರಿನಲ್ಲಿ ಸಿಕ್ಕಿದ್ದು ಬರೀ ಚಾರ್ಜಿಗೆ ಹುಟ್ಟಿದ್ದು,
ಕರೆಂಟು ಹೊರುತ್ತಿತ್ತು, ಮಾತು ಹೊರಲಿಲ್ಲ.
ರೂವಿಯಿಂದ ತರಿಸಿದ್ದು ಐದು ಮೀಟರು,
ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜಿಗೆ ಏದುಸಿರು.
ಪೋರ್ಟು ಬದಲಿಸಿದರೆ ನಿನ್ನೆ ಮೂರಾಗಿದ್ದವ ಇವತ್ತು ಏಳು;
ಪ್ರೋಗ್ರಾಮು ಪಾಪ, ಮೂರನೇ ಬಾಗಿಲಲ್ಲೇ ನಿಂತು ಕೂಗುತ್ತಿತ್ತು.
ಡ್ರೈವರ್ ಕಿತ್ತೆ, ಮತ್ತೆ ಕೂರಿಸಿದೆ.
ಬ್ಯಾಟರಿ ಉಳಿಸುವ ನೆಪದಲ್ಲಿ ಲ್ಯಾಪ್‌ಟಾಪೇ
ಪೋರ್ಟಿನ ಬಾಯಿಂದ ಅನ್ನ ಕಸಿಯುತ್ತದೆಂದು ತಿಳಿದು
ಆ ಟಿಕ್ ಮಾರ್ಕನ್ನೂ ತೆಗೆದೆ.
ಮಸ್ಕತ್ತಿನಿಂದ ಇಂಜಿನಿಯರ್ ವಜ್ದಿ: ಆಫ್ ಮಾಡಿ ಆನ್ ಮಾಡು, ಹಬೀಬಿ.
ಮಾಡಿದೆ, ಹಬೀಬಿ. ಎಪ್ಪತ್ತು ಸಲ.

ಮೊಫಿಜುಲ್ ಹೆಗಲ ಮೇಲೆ ನೀರಿನ ಪೈಪು ಹೊತ್ತು
ಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದ.
ಒಂದು ಸಂಜೆ ಅವನ ಅರೆ ಹಿಂದಿಯಲ್ಲಿ,
ಯಾರದೋ ಮನೆಯ ವಿಷಯವೆಂಬಂತೆ:
ಪಂಪು ಏಳುವಾಗಲೆಲ್ಲ ನಿನ್ನ ಪೆಟ್ಟಿಗೆ ಬಿಕ್ಕಳಿಸುತ್ತದಲ್ಲಾ ಭಾಯಿ.

ಪಂಪು ಹಾಕಿದೆ. ಬಿಕ್ಕಿತು.
ನಿಲ್ಲಿಸಿದೆ. ಸುಮ್ಮನಾಯಿತು.
ಮೂರು ವಾರ, ಛೆ,
ಒಂದೇ ಪ್ಲಗ್ಗಿನಲ್ಲಿ ಆನೆಗೂ ಇರುವೆಗೂ ಊಟ ಬಡಿಸಿದ್ದೆ.

ಬೇರೆ ಲೈನು. ಸ್ವಂತ ಅಡಾಪ್ಟರಿನ ಹಬ್ಬು. ಮೊಳದುದ್ದದ ಕೇಬಲು,
ಅದರ ಕೊರಳಿಗೆ ಕರೀ ಮಣಿಯಂಥ ಫೆರೈಟು.
ಹಸಿರು ದೀಪ ಕಣ್ಣು ಮಿಟುಕಿಸಲಿಲ್ಲ.

ಆ ರಾತ್ರಿ ಎರಡೂ ಹತ್ತಕ್ಕೆ
ಹತ್ತೊಂಬತ್ತನೆಯ ಸಾಲು ಕೆಂಪಾಯಿತು.
ತೀವ್ರ ಕಡಿತ. ಮರ ತೆಗೆಯುವುದು ಸೂಕ್ತ.

ಬೆಳಗ್ಗೆ ಕೊಡಲಿಯವನ ಜತೆ ಹೋದರೆ
ಹತ್ತೊಂಬತ್ತರ ಜಾಗದಲ್ಲಿ ಗುಂಡಿ, ಗುಂಡಿಯಲ್ಲಿ ಬೂದಿ.
ಖಲಾಸ್ ಎಂಬ ಜಾತಿಯ ಮರ; ರಂಜಾನಿಗೆ ಮೊದಲೇ
ಕಡಿದು, ಸುಟ್ಟು, ಹೆಸರಿನ ಹಾಗೇ ಆಗಿತ್ತು.

ಮೊಳೆ ಎಲ್ಲಿ?
ಮೊಫಿಜುಲ್ ತನ್ನ ಕೋಣೆಗೆ ಕರೆದೊಯ್ದ.
ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆಂದು
ಒರೆಸಿ, ಮಂಚದ ತಲೆದಿಕ್ಕಿನ ಹಲಗೆಗೆ ಚುಚ್ಚಿಟ್ಟಿದ್ದ,
ದಿಂಬಿಗೆ ನಾಲ್ಕು ಬೆರಳು ದೂರದಲ್ಲಿ.

ಮೇಲಿನ ಮಂಚದವನು ನಕ್ಕ:
ಇವನು ರಾತ್ರಿಯಿಡೀ ಹಲ್ಲು ಕಡಿಯುತ್ತಾನೆ, ನಮಗೆ ನಿದ್ದೆಯಿಲ್ಲ.
ಮೊಫಿಜುಲ್ ನಗಲಿಲ್ಲ, ಕೆನ್ನೆ ಮುಟ್ಟಿಕೊಂಡ.
ಪದ್ಮೆಯ ಕೊರೆತ ಪಕ್ಕದ ಮನೆಯ ಒಲೆಯ ತನಕ ಬಂದಿದೆಯಂತೆ.
ನಾನು ಗಂಗೊಳ್ಳಿಯವನು;
ಕೊರೆತ ಅಂದರೆ ಏನೆಂದು ಕೇಳಬೇಕಾಗಿರಲಿಲ್ಲ.

ಹುಳವೂ ಕಡಿಯುತ್ತದೆ, ಹಲ್ಲೂ ಕಡಿಯುತ್ತೇವೆ,
ಮರವನ್ನೂ ಕಡಿಯುತ್ತೇವೆ.
ನಮ್ಮ ಭಾಷೆ ಇಷ್ಟಕ್ಕೆಲ್ಲ ಒಂದೇ ಮಾತಿನಲ್ಲಿ ಸಂಸಾರ ಮಾಡಿದೆ.
ಯಂತ್ರದ್ದು ಮಾತ್ರ ತಪ್ಪೆಂದು ಹೇಗೆ ಹೇಳಲಿ?
ಕೇಳಿದ್ದನ್ನೇ ಹೇಳಿತ್ತು.

ಮೊಳೆ ಕಿತ್ತು, ಬ್ಯಾಟರಿ ತೆಗೆದು, ಜೇಬಿಗಿಟ್ಟೆ.
ಹಲಗೆಯಲ್ಲಿ ತೂತು ಉಳಿಯಿತು.

ಪಂಪಿನ ಮನೆಯಲ್ಲಿ ಹತ್ತೊಂಬತ್ತನೆಯ ಸಾಲು ಬೂದುಬಣ್ಣಕ್ಕೆ ತಿರುಗಿ
ಸಂಪರ್ಕವಿಲ್ಲ ಎಂದಿತು.
ಮೂರು ವಾರ ಗುದ್ದಾಡಿದ್ದು ಇದೇ ಪದದ ಜತೆ.
ಇವತ್ತು
ಹಾಗೇ ಬಿಟ್ಟೆ.